ಉರುಳೆ

ಟಿಳಕ ರಸ್ತೆಯ ಆಟದ ಸಾಮಾನಿನ ಅಂಗಡಿಯಲ್ಲಿ
ಕುದಳೆ ಅನ್ನೋ ಹುಡುಗ ನನ್ನೆದುರು ಎರಡು ಉರುಳೆ ಇಟ್ಟ.
ಒಂದು ಕರಿದು, ನುಣುಪು, ಹೊಟ್ಟೆಯೊಳಗೆ ಮೋಟರು.
ಇನ್ನೊಂದು ಕಿತ್ತಳೆ ಬಣ್ಣದ್ದು, ಮೈತುಂಬ ಗುಬುಟು,
ಊದಿಕೊಂಡ ಹಾಗಲಕಾಯಿ.
‘ಯಾವುದು ಕಾಕೂ?’ ಅಂದ.

ಭಾನುವಾರ ಇಪ್ಪತ್ತೊಂದು ಕಿಲೋಮೀಟರು ಓಡಿದ್ದೆ.
ಸೋಮವಾರ ಗಿರಣಿಯ ಮೂರು ಮೆಟ್ಟಿಲನ್ನು
ಬೆನ್ನು ಮುಂದೆ ಮಾಡಿ, ಗೋಡೆ ಹಿಡಿದು ಇಳಿದೆ.
ಗೋದಿ ಡಬ್ಬಿ ಹಿಡಿದು ನಿಂತವರು
ದಾರಿ ಬಿಟ್ಟರು, ದಿಬ್ಬಣಕ್ಕೆ ಬಿಟ್ಟ ಹಾಗೆ.

ಅದಕ್ಕೂ ಮೊದಲು ಮೂರು ವಾರ ಲಟ್ಟಣಿಗೆಯಲ್ಲೇ ಕಳೆದಿದ್ದೆ,
ಒದ್ದೆ ಅರಿವೆ ಸುತ್ತಿ, ಮೀನಖಂಡವನ್ನು ಚಪಾತಿ ಮಾಡಿ.
ಅತ್ತೆ ನೋಡಿಬಿಟ್ಟರು. ಏನೂ ಅನ್ನಲಿಲ್ಲ.
ಸಂಜೆ ಹೊಸ ಲಟ್ಟಣಿಗೆ ತಂದರು,
ಹಳೆಯದನ್ನು ನನ್ನ ದಿಂಬಿನ ಮೇಲಿಟ್ಟರು.

ಕುದಳೆ ಕರಿಯದರ ಗುಂಡಿ ಒತ್ತಿದ.
ಅಂಗೈಯೊಳಗೆ ಗುಂಯ್ ಅಂತು.
ಈ ಸದ್ದು ನನಗೆ ಗೊತ್ತು.
ನಾರಾಯಣ ಪೇಠೆಯಲ್ಲಿ ಇಪ್ಪತ್ತಾರು ವರ್ಷ
ಹತ್ತು ಹಾರ್ಸ್‌ಪವರಿನ ಮೋಟರಿನ ಪಕ್ಕ ನಿಂತವಳು ನಾನು.
ಅದರ ನಡುಕ ಚಪ್ಪಲಿ ದಾಟಿ, ಹಿಮ್ಮಡಿ ದಾಟಿ
ಸಿಮೆಂಟು ತುಂಬಿಸಿದ ದವಡೆ ಹಲ್ಲಿನವರೆಗೂ ಬರುತ್ತದೆ.
ರಾತ್ರಿ ಗಿರಣಿ ನಿಂತ ಮೇಲೂ
ಹಾಸಿಗೆಯಲ್ಲಿ ನಾನಿನ್ನೂ ಚಾಲೂ ಇರುತ್ತೇನೆ.

‘ನಾಲ್ಕು ವೇಗ ಇವೆ. ಸ್ನಾಯುವಿಗೆ ಹೆದರಿಕೆ ಆಗಲ್ಲ,
ನೋವು ಮರೆತು ತಾನಾಗೇ ಸಡಿಲಾಗುತ್ತೆ.’
ಬೆಲೆ ಆರು ಸಾವಿರದ ಎಂಟುನೂರು.
ಕಿಲೋಗೆ ಏಳು ರೂಪಾಯಿಯಂತೆ ಬೀಸುತ್ತಾ ಹೋದೆ ಮನಸ್ಸಿನಲ್ಲೇ,
ಒಂಬತ್ತು ಕ್ವಿಂಟಲ್ ದಾಟಿದ ಮೇಲೆ ಲೆಕ್ಕ ಬಿಟ್ಟೆ.

ಕಿತ್ತಳೆಯದನ್ನು ಬೆರಳಿಂದ ಸವರಿದೆ.
ಉಬ್ಬು, ತಗ್ಗು, ಉಬ್ಬು, ಒಂದು ಓರೆ ಗೀರು.
ಕೈ ಗುರುತು ಹಿಡಿಯಿತು, ನನಗಿಂತ ಮೊದಲು:
ಈಗಷ್ಟೇ ಮುಳ್ಳು ಹೊಡೆಸಿದ ಕಲ್ಲು.

ಹಿಟ್ಟು ಬಿಸಿಬಿಸಿ ಇಳಿಯತೊಡಗಿದರೆ
ಸಾಯಬಣ್ಣನಿಗೆ ಹೇಳಿ ಕಳಿಸುತ್ತೇವೆ.
ಬರುತ್ತಾನೆ, ಚೀಲದಲ್ಲಿ ಉಳಿ, ಕಿವಿಗೆ ದಾರ ಕಟ್ಟಿದ ಕನ್ನಡಕ.
ನುಣುಪಾದ ಕಲ್ಲು ಬೀಸುವುದಿಲ್ಲ,
ಕಾಳನ್ನು ಸುಮ್ಮನೆ ತಿಕ್ಕಿ ತಿಕ್ಕಿ ಸುಡುತ್ತದೆ.
‘ಕಲ್ಲಿಗೂ ಹಲ್ಲು ಬೇಕಲ್ಲವಾ ಅಕ್ಕಾ’ ಅನ್ನುತ್ತಾನೆ,
ಅವನ ಮುಂದಿನ ಎರಡು ಇಲ್ಲ.

‘ಇದು ನೋಯುತ್ತೆ’ ಅಂದ ಕುದಳೆ.
‘ನೀನು ಯಾವುದು ಬಳಸ್ತೀ?’
ಕೌಂಟರಿನ ಕೆಳಗಿಂದ ಬೋಳು ಟೆನಿಸ್ ಚೆಂಡೊಂದನ್ನು
ಕದ್ದ ಮಾಲಿನ ಹಾಗೆ ತೋರಿಸಿದ.
‘ಡಂಬೆಲ್ ಪೆಟ್ಟಿಗೆ ಮೇಲೆ ಹೊತ್ತು ಹಾಕೋದು ನಾನೇ ಅಲ್ವಾ.’

ಅಂದು ರಾತ್ರಿ ಶಟರು ಅರ್ಧ ಎಳೆದು
ಗೋಣಿತಟ್ಟು ಹಾಸಿ ಗಿರಣಿಯ ನೆಲಕ್ಕೆ ಕೂತೆ.
ಮೊದಲ ಉರುಳಿಗೆ ಬಾಯಿಂದ ಹೊರಟ ಸದ್ದು
ಎರಡನೇ ಹೆರಿಗೆಯ ನಂತರ ಕೇಳಿರಲಿಲ್ಲ.
ಗುಬುಟೊಂದು ಒಳಗಿನ ಗಂಟನ್ನು ಹುಡುಕಿ
ಸಾಯಬಣ್ಣನ ಉಳಿಯ ಹಾಗೆ
ಅಲ್ಲೇ ನಿಂತಿತು, ಅಲ್ಲೇ,
ಮುಂದೆ ಹೋಗಲೂ ಒಲ್ಲದು.

ಆಗ ಇವರು, ಗೋಖಲೆ ವಹಿನಿಯ ಭಾಜಣಿ
ಬೆಳಿಗ್ಗೆ ಏಳಕ್ಕೇ ಬೇಕಂತೆ ಎಂದು
ಪಟ್ಟಿ ಸರಿಮಾಡಿ ಗಿರಣಿ ಹಚ್ಚಿದರು.

ನೆಲ ನಡುಗಿತು.
ನೆಲದಿಂದ ಉರುಳೆಗೆ, ಉರುಳೆಯ ಗುಬುಟಿನಿಂದ ಗಂಟಿಗೆ
ಇಪ್ಪತ್ತಾರು ವರ್ಷದ ಅದೇ ಗುಂಯ್.
ಚಾರ್ಜು ಬೇಡ, ಗುಂಡಿ ಬೇಡ.
ಕಣ್ಣಲ್ಲಿ ನೀರಿತ್ತು, ನಗು ಬಂದುಬಿಟ್ಟಿತು.
‘ಎರಡನೇ ವೇಗಕ್ಕೆ ಹಾಕ್ರೀ!’ ಕೂಗಿದೆ.
‘ಏನು? ಸಣ್ಣಗೆ ಬೀಸಬೇಕಾ?’
‘ಭಾಜಣಿ ತರಿನೇ ಇರಲಿ’ ಅಂದೆ.

ಹುರಿದ ಕೊತ್ತಂಬರಿ ಬೀಜದ ಘಮ ಏರುತ್ತಿತ್ತು.
ಹಿಟ್ಟಿನ ಧೂಳು ಕೂತು ಕೂತು
ಕಿತ್ತಳೆ ಆಗಲೇ ಮಾಸತೊಡಗಿತ್ತು.
ಇನ್ನೊಂದು ಕಾಲು ಬಾಕಿ.