ಷರಾ

ಹ್ಯಾಲಿಫ್ಯಾಕ್ಸಿನ ಉಣ್ಣೆಗಿರಣಿಯ ಹಿಂದಿನ ಸಾಲುಮನೆ.
ತೀರಿಕೊಂಡವರು: ವಿನಿಫ್ರೆಡ್ ಆಕ್ರಾಯ್ಡ್, ತೊಂಬತ್ತೊಂದು.
ಮನೆ ತೆರವಿನ ಕೌನ್ಸಿಲ್ ಫಾರಮ್ಮಿನಲ್ಲಿ
ಷರಾಕ್ಕೆ ಒಂದೇ ಸಾಲು.

ಬಡತನ ಅನ್ನಲೇ? ಬಿಲ್ಲುಗಳೆಲ್ಲ ಚುಕ್ತಾ.
ಬೋಳು ಎಂದರೆ ಏನೋ ಇದ್ದು ಉದುರಿಹೋದಂತೆ.
ಸರಳ, ಅದು ಭಾಷಣದವರ ಖಾದಿಯಾಗಿ ಹೋಯಿತು.
ಸಪ್ಪೆ ಅನ್ನೋಣವೆಂದರೆ
ಒಲೆಯ ಪಕ್ಕ ಉಪ್ಪಿನ ಭರಣಿ,
ಕಂಠಮಟ್ಟ ತುಂಬಿದ್ದು.

ನಮ್ಮ ಸೋದರತ್ತೆ ಜವಳಿ ಅಂಗಡಿಯಲ್ಲಿ ಕೂತು
‘ಸಾದಾ ತೋರಿಸಪ್ಪ, ಜರಿ ಬೇಡ’ ಅನ್ನುವಳು;
ಆಮೇಲೆ ಅರ್ಧ ಗಂಟೆ
ಬೆರಳಲ್ಲಿ ಉಜ್ಜಿ ಉಜ್ಜಿ
ನೂಲು ನೋಡುವಳು.

ನಾನೂ ಕಂಬಳಿಯ ಅಂಚು ಹಿಡಿದು ನೋಡಿದೆ.
ರಫೂ ಮಾಡಿದ್ದು ಕಣ್ಣಿಗೆ ಕಾಣಲಿಲ್ಲ,
ಬೆರಳಿಗೆ ಸಿಕ್ಕಿತು.

ಮೇಜಿನ ಬಳಿ ಒಂದು ಕುರ್ಚಿ.
ಬಾಗಿಲ ಸಂದಿಯಲ್ಲಿ, ಮಡಚಿ,
ಧೂಳಿಲ್ಲದ ಇನ್ನೊಂದು.

ಬರೆದೆ:
ಕುರ್ಚಿ, ಎರಡು.