ಅರ್ಧ ಇಂಚು

ಅಕ್ಕನ ದನಿ ಹೇಗಿದೆಯೋ ನನಗೆ ಗೊತ್ತಿಲ್ಲ.
ಬಲು ಸಣ್ಣ ದನಿ, ಕ್ಲಾಸಿನಲ್ಲಿ ಮಾತ್ರ ದೊಡ್ಡದಾಗುತ್ತದಂತೆ
ಎಂದು ವೈನಿ ಒಮ್ಮೆ ಚೀಟಿಯಲ್ಲಿ ಬರೆದು ತೋರಿಸಿದ್ದಳು.
ಸಣ್ಣದೆಂದರೆ ಎಷ್ಟು?
ನನಗೆ ಗೊತ್ತಿರುವ ಸಣ್ಣದು ಒಂಬತ್ತನೇ ನಂಬರಿನ ಸೂಜಿ.

ಶಿವಮೊಗ್ಗದ ಗಾಂಧಿಬಜಾರಿನ ಒಳಗಲ್ಲಿ,
ಬಳೆ ಅಂಗಡಿಯ ಮೇಲಿನ ಮಾಳಿಗೆ.
ಅಪ್ಪ ಕಾಜ ಮಾಡುತ್ತಾನೆ, ವೈನಿ ಫಾಲ್ಸು ಹಚ್ಚುತ್ತಾಳೆ,
ಕತ್ತರಿ ನನ್ನದು.
ಯಮುನಕ್ಕ ಮಾಲ್ಡೀವ್ಸಿನ ಒಂದು ದ್ವೀಪದಲ್ಲಿ
ಏಳನೇ ಕ್ಲಾಸಿಗೆ ವಿಜ್ಞಾನ ಹೇಳುತ್ತಾಳೆ, ಇದು ಮೂರನೇ ವರ್ಷ.
ಆ ದ್ವೀಪ ಈ ತುದಿಯಿಂದ ಆ ತುದಿಗೆ
ನಮ್ಮ ಗೋಪಿ ಸರ್ಕಲ್ಲಿನಿಂದ ಬಸ್‌ಸ್ಟ್ಯಾಂಡಿಗೆ ಇರುವಷ್ಟೇ ಅಂತೆ.

ಶುಕ್ರವಾರ ಅಲ್ಲಿ ರಜೆ.
ಫೋನು ಮೊದಲು ಆಯಿಯ ಕಿವಿಗೆ, ಆಮೇಲೆ ಅಪ್ಪನದಕ್ಕೆ.
ನಾನು ಮುಖಗಳನ್ನು ಓದುತ್ತ ಕೂರುತ್ತೇನೆ.
ಆಯಿಯ ಹುಬ್ಬು ಏರಿದರೆ ಮಕ್ಕಳ ತುಂಟತನ,
ಇಳಿದರೆ ಸಂಬಳ ತಡ.
ಕೊನೆಗೆ ನನ್ನ ಸರದಿ. ಫೋನನ್ನು
ಮಷೀನಿಗೆ ಒರಗಿಸಿ ನಿಲ್ಲಿಸುತ್ತೇನೆ,
ನನಗೆ ಎರಡೂ ಕೈ ಬೇಕು.

ನಮ್ಮ ಸನ್ನೆಗಳು ಯಾವ ಶಾಲೆಯವೂ ಅಲ್ಲ.
ಮಾಳಿಗೆಯ ಮೆಟ್ಟಿಲ ಮೇಲೆ ಕೂತು, ಚಿಕ್ಕಂದಿನಲ್ಲಿ, ನಾವೇ ಕಟ್ಟಿದ್ದು.
ಕಿವಿಯ ಪಕ್ಕ ಅಂಗೈ ಬೀಸಿದರೆ ಸಕ್ರೆಬೈಲು.
ಹೆಬ್ಬೆರಳಿಂದ ಹೊಟ್ಟೆ ಎರಡು ಸಲ ತಟ್ಟಿದರೆ ಊಟ ಆಯ್ತಾ.
ಬೆರಳುಗಳನ್ನು ಹರಿಸಿ ತುಟಿಗೆ ಮುಟ್ಟಿಸಿದರೆ ತುಂಗೆ.
ಸಮುದ್ರಕ್ಕೆ ಸನ್ನೆಯೇ ಇರಲಿಲ್ಲ, ಬೇಕಾಗಿರಲಿಲ್ಲ.
ಅಕ್ಕ ಹೋದ ಮೇಲೆ ಕಟ್ಟಿಕೊಂಡೆವು:
ತುಂಗೆಯೇ, ಆದರೆ
ತುಟಿಗೆ ಮುಟ್ಟಿಸುವ ಹಾಗಿಲ್ಲ.

ನೆಟ್‌ವರ್ಕು ಕೈಕೊಟ್ಟರೆ ಬೇರೆಯವರಿಗೆ ಮಾತು ತುಂಡಾಗುತ್ತದೆ.
ನನಗೆ ಅಕ್ಕನ ಕೈ ಗಾಳಿಯಲ್ಲಿ ಹಾಗೇ ನಿಂತುಬಿಡುತ್ತದೆ,
ಬರ್ತೀನಿಯ ಅರ್ಧವೋ ಬರಲ್ಲದ ಅರ್ಧವೋ ತಿಳಿಯದೆ.

ಆಮೇಲೆ ಎರಡು ಶುಕ್ರವಾರ
ಕ್ಯಾಮೆರಾ ಕೆಟ್ಟಿದೆ ಎಂದು ಬರೀ ದನಿ ಕಳಿಸಿದಳು.
ಅವರಿಗೆಲ್ಲ ಅಕ್ಕ ಸಿಕ್ಕಳು.
ನಾನು ಆ ಎರಡು ದಿನ ಕಾಲರು ಹೊಲಿದೆ.

ಮೂರನೆಯದಕ್ಕೆ ಬಂದಳು, ಗಿಳಿಹಸಿರು ಬ್ಲೌಸು ತೊಟ್ಟು.
ಚೆನ್ನಾಗಿದ್ದಾಳೆ, ವೈನಿ ಬರೆದು ತೋರಿಸಿದಳು,
ಕೆಳಗೊಂದು ಗೆರೆಯನ್ನೂ ಎಳೆದು.
ನನಗೂ ಅಕ್ಕ ಅದನ್ನೇ ಹೇಳಿದಳು.
ಆದರೆ ಬ್ಲೌಸು ನಾನು ಹೊಲಿದದ್ದು.
ಭುಜ ಹದಿನಾಲ್ಕೂವರೆ ಇಟ್ಟಿದ್ದೆ, ಪಾಪ್ಲಿನ್ನು, ಹಿಗ್ಗುವ ಜಾತಿಯಲ್ಲ.
ಮೂಳೆಯ ಮೇಲೆ ಕೂರಬೇಕಾದ ಹೊಲಿಗೆ
ಆ ಕಡೆ ಕಾಲು, ಈ ಕಡೆ ಕಾಲು ಜಾರಿತ್ತು.
ಒಟ್ಟು ಅರ್ಧ ಇಂಚು
ಅಕ್ಕ ಕಡಿಮೆಯಾಗಿದ್ದಳು.

ನನ್ನ ಭುಜ ಮುಟ್ಟಿಕೊಂಡು, ಎರಡು ಬೆರಳ ನಡುವೆ
ಅಷ್ಟು ಸಂದು ಮಾಡಿ ತೋರಿಸಿದೆ.
ಅವಳ ಕೈ ಮೇಜಿನ ಮೇಲೆ ಅಲ್ಲಾಡದೆ ಕೂತಿತು.
ಈ ಸಲ ನೆಟ್‌ವರ್ಕು ಸರಿಯಾಗಿಯೇ ಇತ್ತು.

ಡೆಂಗಿ, ಹದಿನೈದು ದಿನ. ಆಯಿಗೆ ಬೇಡ.
ಇಲ್ಲದ ಸೂಜಿಯೊಂದನ್ನು ತುಟಿಯ ಮೇಲೆ ಆಡಿಸಿದಳು: ಹೊಲಿದುಬಿಡು.
ಇದನ್ನು ಹೇಳಲು ಈ ಮನೆಯಲ್ಲಿ
ನಾನೇ ಸಿಕ್ಕೆನಾ?
ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಗಂಜಿ ಕೊಟ್ಟವರು ಯಾರು ಎಂದೆ.
ಅಕ್ಕ ಫೋನು ತಿರುಗಿಸಿದಳು.
ಏಳನೇ ಕ್ಲಾಸಿನ ಒಂದು ಹುಡುಗಿ, ಒದ್ದೆ ಜಡೆ,
ನನ್ನನ್ನು ದಿಟ್ಟಿಸಿ ನೋಡಿ
ಹೆಬ್ಬೆರಳಿಂದ ಹೊಟ್ಟೆ ತಟ್ಟಿದಳು, ಎರಡು ಸಲ.
ಎಡಗೈಯಲ್ಲಿ, ಸ್ವಲ್ಪ ಜೋರಾಗಿ,
ಬೇರೆ ಊರಿನವರು ನಮ್ಮ ಮಾತಾಡುವ ಹಾಗೆ.
ಎಂಟು ಮೆಟ್ಟಿಲು ದಾಟಿರದ ಮಾತು.
ನನಗಿನ್ನೂ ಊಟ ಆಗಿರಲಿಲ್ಲ.
ಆಯ್ತು ಎಂದೆ.

ತೀರ್ಥಹಳ್ಳಿಯ ಲೆಕ್ಕದ ಮೇಷ್ಟ್ರೊಬ್ಬರು ರಜೆ ಮುಗಿಸಿ
ಅದೇ ದ್ವೀಪಕ್ಕೆ ಹೊರಟಿದ್ದಾರೆ.
ಎರಡು ಬ್ಲೌಸು ಕಳಿಸಬೇಕು.
ಭುಜ ಹದಿನಾಲ್ಕಕ್ಕೆ ಹೊಲಿದು, ಒಳಗೆ ಬಟ್ಟೆ ಮಡಚಿ ಬಿಟ್ಟಿದ್ದೇನೆ,
ಮೈ ಕೈ ತುಂಬಿಕೊಂಡ ಮೇಲೆ ಅಕ್ಕ ಬಿಚ್ಚಿಕೊಳ್ಳಲಿ.

ಆಯಿ ಅಳತೆ ಪುಸ್ತಕ ತೆರೆದು
ಹೊಸ ಅಂಕಿಯ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದಳು.
ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ,
ದಾರ ಆಗಲೇ ಪೋಣಿಸಿದ್ದ ಸೂಜಿಗೆ.
ಅವಳು ಏನೂ ಕೇಳಲಿಲ್ಲ.
ಅಡುಗೆಮನೆಗೆ ಹೋಗಿ
ಮೇಷ್ಟ್ರಿಗೆ ಕೊಡಲು ಕಟ್ಟಿಟ್ಟಿದ್ದ ಚಟ್ನಿಪುಡಿಯ ಪೊಟ್ಟಣ ಬಿಚ್ಚಿ
ಮತ್ತೆ ಎರಡು ಹಿಡಿ ಹಾಕಿದಳು.