ಎರಡು ದಿನದ ಕೆರೆ

ಸೋಲಾಪುರದ ಈ ಗಲ್ಲಿಗೆ
ಐದು ದಿನಕ್ಕೊಮ್ಮೆ ನಳ ಬರತದ.
ಬಂದ ದಿನ ನಸಕಿನ್ಯಾಗ ಎಲ್ಲಾರೂ ಎದ್ದು ಕೂಡತಾರ,
ಪಿಪಾಯಿ, ಕೊಡ, ಚರಿಗಿ,
ಕೂಸಿನ ಹಾಲಿನ ಬಾಟಲಿ ಸೈತ.

ಅಂಥಾದ್ರಾಗ ದಸ್ತಗೀರ ಮಿಸ್ತ್ರಿ ಅಂದ:
"ಬಾಯಾರ, ಮಾಳಗಿ ಮ್ಯಾಲ ನೀರು ನಿಲ್ಲಸ್ರಿ.
ಎರಡು ಬೆರಳು. ಎರಡು ಹಗಲು, ಎರಡು ರಾತ್ರಿ.
ನಾ ಹಚ್ಚಿದ್ದು ಹಿಡದದೋ ಇಲ್ಲೋ
ನೀರೇ ಹೇಳಬೇಕು."
ನಾ ನಕ್ಕೆ. ಅಂವ ನಗಲಿಲ್ಲ.
ಗಿರಣಿ ಮುಚ್ಚೂತನಕ ಸಾಂಚಾ ರಿಪೇರಿ ಮಾಡಿದಂವ,
ಈಗ ಮಂದಿ ಮಾಳಗಿ ಬಿರುಕಿನ್ಯಾಗ ಬೆರಳಾಡಸ್ತಾನ
ಹಾಸಿನ್ಯಾಗ ಕಡದ ಎಳಿ ಹುಡುಕಿದಂಗ.

ಕೆಳಗ ನರಸುಬಾಯಿ ಮಗ್ಗ.
ಹ್ವಾದ ವರ್ಷ ಮಿರಗದ ಮಳಿಗೆ
ನನ್ನ ನೆಲ, ಅಕಿ ಸೂರು, ಅದು ಒಂದೇ ನೋಡ್ರಿ,
ದಾಟಿ ಇಳದ ಹನಿ
ಕೆಂಪು ಚಾದರದ ನವಿಲಿನ ಕೊರಳಿಗೆ ಬಿತ್ತು.
ವ್ಯಾಪಾರಿ ಕಲಿ ಮ್ಯಾಲ ಬೆರಳಿಟ್ಟು ಹೊಳ್ಳಿ ಕೊಟ್ಟ.
ಅಕಿ ಮ್ಯಾಲ ಬಂದು ಜಗಳಾಡಲಿಲ್ಲ.
ಮಡಚಿ, ನನ್ನ ಪಾವಟಿಗಿ ಮ್ಯಾಲ ಇಟ್ಟು ಹ್ವಾದಳು.
ಜಗಳಾಡಿದ್ರ ಚಲೋ ಇತ್ತು.

ಯಾಕಂದ್ರ ಆ ಬ್ಯಾಸಗಿ, ಕರಿ ಕಟ್ಟೇದ ಅಂತ
ತಂತಿ ಬ್ರಷ್ ಹಾಕಿ ತಿಕ್ಕಿದಾಕಿ ನಾನೇ.
ಸಂಡಾಸಿಗೆ ತಂದ ಆಸಿಡ್ ಸುರವಿದಾಕಿ ನಾನೇ.
ಬುಸ್ ಅಂತ ನೊರಿ ಎದ್ದಾಗ ಹಿಗ್ಗಿದೆ.
ಬಿಳಿ ಪದರು ಸುಲದು
ಸಿಮೆಂಟಿನ ಎಲುಬು ಕಂಡದ್ದು
ನನಗ ಸ್ವಚ್ಛ ಅನಿಸಿತ್ತು.

ದಸ್ತಗೀರ ಹೇಳಿದ: ಮೆತ್ತನ ಪೊರಕಿ,
ಬಕೀಟಿಗೆ ಚಿಮಟಿ ಸಾಬಾನ ಪುಡಿ, ಅಷ್ಟೇ.
ಹೊರಸಿನ ಕಾಲಿಗೆ ಹಳೇ ಚಪ್ಪಲಿ ಕೊಯ್ದು ಕಟ್ಟು.
ತುಳಸಿ ಕುಂಡಿ ಇಟ್ಟಂಗಿ ಮ್ಯಾಲ ಏರಸು, ಬುಡಕ್ಕ ಗಾಳಿ ಆಡಲಿ.
ಸಂಡಿಗಿ ಹಾಕೂದಿದ್ರ ಚಾಪಿ ಹಾಸಿ ಹಾಕು,
ಬಣ್ಣದ ಮ್ಯಾಲ ಬ್ಯಾಡ.
ಮೋರಿ ಬಾಯಾಗ ಕೈ ಹಾಕಿ ತಗದ:
ಸಂಕ್ರಾಂತಿ ಮಾಂಜಾ, ಪಾರಿವಾಳದ ಪುಕ್ಕ,
ನನ್ನ ಮೊಮ್ಮಗಳ ಒಂದು ಕಾಲುಚೀಲ,
ಬೇವಿನ ಎಲಿ, ಎಲಿ, ಎಲಿ.

ಹಚ್ಚಿ ಒಣಗಿಸಿ ವಾರ ಆತು.
ಅರಿವಿ ಗಂಟು ಹಾಕಿ ಮೋರಿ ಕಟ್ಟಿದೆವು.
ಅಕ್ಕಿ ತೊಳದದ್ದು, ಒಗ್ಯಾಣದ ಎರಡನೇ ನೀರು,
ಐದು ದಿನ ಕೂಡಿಟ್ಟು ಸುರವಿದ್ರೂ
ಅರ್ಧ ಮಾಳಗಿ ಒಣಾ ಉಳೀತು.
ಆವಾಗ ಪಾವಟಿಗಿ ಮ್ಯಾಲ ಉಸಿರು ಕೇಳಿಸ್ತು.
ನರಸುಬಾಯಿ. ಎರಡೂ ಕೈಯಾಗ ಕೊಡ.
ಕುಡಿಯೋ ನೀರು.
ಏನೂ ಅನ್ನದ ಸುರವಿದಳು. ಮತ್ತ ಇಳದಳು. ಮತ್ತ ಏರಿದಳು.

ಎರಡು ದಿನ ನಮಗೊಂದು ಕೆರಿ ಇತ್ತು.
ಗಿರಣಿ ಚಿಮಣಿ ಅದರಾಗ ತಲಿಕೆಳಗ ನಿಂತಿತ್ತು.
ಗೋಡಿಗೆ ಖಡುವಿನ ಗೆರಿ ಹಾಕಿದ್ದೆ,
ಮುಂಜಾನೆ ನೋಡಿದ್ರ ನೀರು ಗೆರಿ ಬಿಟ್ಟಿತ್ತು!
ಎದಿ ಧಸಕ್ ಅಂತು.
ದಸ್ತಗೀರ ಬಾಜೂಕ ಇಟ್ಟ ಪರಾತು ತೋರಿಸಿದ,
ಅದರಾಗೂ ಅಷ್ಟೇ ಇಳದಿತ್ತು.
"ಅದು ಬಿಸಲಿನ ಪಾಲು, ಬಿಡ್ರಿ."

ಕೆಳಗ ಅಕಿ ಮಗ್ಗದ ಬಾಜೂಕ ಅಂಗಾತ ಮಲಗಿ
ಬ್ಯಾಟರಿ ಹಿಡದು ಸೂರು ಓದತಿದ್ದಳು.
ಎರಡನೇ ರಾತ್ರಿ ಸರಿದು, ಬೆಳಗಿನ ಜಾವಕ್ಕ
ತನ್ನ ತೆಲುಗಿನ್ಯಾಗ ಕೂಗಿದಳು:
"ಪೊಡಿಗಾ ಉಂದಿ!"
ಒಣಾ ಅದ. ಒಣಾ.

ಗಂಟು ಬಿಚ್ಚಿ, ಕೆರಿನ್ನ ಪಿಪಾಯಿಗೆ ಇಳಸುವಾಗ
ಇಬ್ಬರೂ ಕೊಳವಿ ಹಿಡಕೊಂಡು ಕುಂತಿದ್ವಿ.
ಆಸಿಡಿನ ಮಾತು ಆವಾಗ ಹೇಳಿದೆ.
"ಗೊತ್ತಿತ್ತು," ಅಂದಳು,
"ವಾಸನಿ ಅವತ್ತೇ ಕೆಳಗ ಬಂದಿತ್ತು."
ಮತ್ತ ಕೊಳವಿ ಒಂಚೂರು ಓರಿ ಮಾಡಿದಳು,
ನೀರು ಹೊರಗ ಚೆಲ್ಲಾಕತ್ತಿತ್ತು.

ಈಗ ಪ್ರತಿ ಅಮಾಸಿಗೆ ಮಾಳಗಿ ಒರಸತೀನಿ
ಆ ಕೆಂಪು ಚಾದರದಲೇ.
ನವಿಲಿನ ಕೊರಳ ಕಲಿ ಇನ್ನೂ ಹೋಗಿಲ್ಲ.
ಅಂಚು ಬಿಚ್ಚಾಕತ್ತದ ಅಂತ
ನಿನ್ನೆ ಅಕಿ ಸೂಜಿ ದಾರ ತಂದಿದ್ದಳು.